ಹೆಜ್ಜೆಯ ಗುಮಾಸ್ತೆ

ಕುವೊಪಿಯೊ ಊರಿನ ಆಸ್ಪತ್ರೆಯ ದೋಬಿಖಾನೆಯಲ್ಲಿ
ಫೆಬ್ರವರಿ ಪೂರ್ತಿ ನಾನೇ ಹೆಜ್ಜೆಯ ಗುಮಾಸ್ತೆ.
ಯಾರು ಏನು ಮಾಡಿದರೂ ಚೀಟಿ ಬರೆದು
ಕಾಫಿ ಡಬ್ಬಿಗೆ ಹಾಕುತ್ತಾರೆ.
ಶುಕ್ರವಾರ ಡಬ್ಬಿ ಮಗುಚಿ
ಎಲ್ಲವನ್ನೂ ನಡಿಗೆ ಮಾಡಬೇಕು ನಾನು.

ಗೋಡೆಗೆ ಅಂಟಿಸಿದ ಕೋಷ್ಟಕವಿದೆ:
ಈಜು, ನಿಮಿಷಕ್ಕೆ ಇನ್ನೂರು.
ಹಿಮ ಗೋರಿದರೆ ನೂರೆಂಬತ್ತು.
ಕುಣಿತಕ್ಕೆ ಎರಡು ದರ, ನಿಧಾನದ್ದಾದರೆ ತೊಂಬತ್ತು.
ಕಾಲು ನೆಲಕ್ಕೇ ತಾಗದ ಸೈಕಲ್ಲಿಗೂ ಹೆಜ್ಜೆಯುಂಟು,
ನೆಲವೇ ಇಲ್ಲದ ದೋಣಿಗೂ.

ರೈಲಿ ಹೆಪ್ಪುಗಟ್ಟಿದ ಸರೋವರದ ಕಿಂಡಿಯಲ್ಲಿ ಮುಳುಗೆದ್ದಳು,
ಒಂದೂವರೆ ನಿಮಿಷ. ಮುನ್ನೂರು, ಎಂದೆ.
'ಮತ್ತೆ ನನ್ನ ಕೂಗಿಗೆ?'
ಕೂಗಿಗೆ ದರವಿಲ್ಲ ಮಾರಾಯ್ತಿ.
ಸೌನಾದಲ್ಲಿ ಬರ್ಚ್ ಸೊಪ್ಪಿನಿಂದ ಬೆನ್ನು ಬಡಿದುಕೊಂಡದ್ದನ್ನು
ಪೆಂಟ್ಟಿ ಟೆನಿಸ್ ಎಂದು ಬರೆದಿದ್ದ.
ಹೊಡೆದು ಹಾಕಿದೆ.

ಅಡುಗೆಮನೆಯವರು ಹನ್ನೊಂದು ಸಾವಿರ ಮುಂದಿದ್ದಾರೆ.
ರೈ ಹಿಟ್ಟು ನಾದಿದ್ದಕ್ಕೂ ಅಲ್ಲಿ ಬೆಟ್ಟ ಹತ್ತಿದ ಲೆಕ್ಕವಂತೆ.

ಡಬ್ಬಿಯ ತಳದಲ್ಲಿ ಎನ್ಸಿಯೊ ಬರೆದ ಚೀಟಿ.
ಮೂರು ವಾರ ಖಾಲಿ ಕಾಗದ ಹಾಕಿದವನು.
ಇಸ್ತ್ರಿಯ ಮಡಿಕೆಯಂಥ ನೇರ ಅಕ್ಷರ:
'ಹೆಂಡತಿಯ ಮಗ್ಗುಲು ಬದಲಿಸಿದ್ದು.
ರಾತ್ರಿಗೆ ನಾಲ್ಕು ಸಲ, ಏಳು ರಾತ್ರಿ.
ಸಲಕ್ಕೆ ನಾಲ್ಕು ನಿಮಿಷ. ಅವಳು ನಕ್ಕರೆ ಐದು.'

ಕೋಷ್ಟಕವನ್ನು ಮೇಲಿನಿಂದ ಕೆಳಗೆ, ಮತ್ತೆ ಕೆಳಗಿನಿಂದ ಮೇಲೆ ಓದಿದೆ.
ಭಾರ ಎತ್ತುವುದು? ಭಾರ ಎಂದು ಅವನು ಬರೆದೇ ಇಲ್ಲವಲ್ಲ.
ತೋಟದ ಕೆಲಸ? ಪೀಠೋಪಕರಣ ಸರಿಸುವುದು? ಛೆ.
ಬೆರಳು ಹೋಗಿ ನಿಂತದ್ದು ಕುಣಿತದ ಮೇಲೆ, ನಿಧಾನದ್ದು.
ಇಪ್ಪತ್ತೆಂಟು ಸಲ, ನೂರ ಹನ್ನೆರಡು ನಿಮಿಷ,
ಹತ್ತು ಸಾವಿರದ ಎಂಬತ್ತು.

ಆಮೇಲೆ ನಗುವಿನ ಲೆಕ್ಕ.
ಹನ್ನೊಂದು ಸಲ ನಕ್ಕಿದ್ದರೆ ಗೆದ್ದೆವು!
ನಾಚಿಕೆಯೇ ಆಗಲಿಲ್ಲ ನನಗೆ, ಆಗ;
ಪೆನ್ನು ಹಿಡಿದೇ ಹೋದೆ ಅವನ ಬಳಿ.

ಅವನು ಚಾದರದ ಎರಡು ಮೂಲೆ ನನ್ನ ಕೈಗಿತ್ತು
ಹಿಂದೆ ಸರಿದ, ಬಿಗಿ ಮಾಡಿ ಕೊಡವಿದ,
ಹತ್ತಿರ ಬಂದು ತನ್ನ ಮೂಲೆಗಳನ್ನು ನನ್ನವಕ್ಕೆ ಸೇರಿಸಿದ.
ಎಷ್ಟು ಸಲ ನಕ್ಕರು ಈ ವಾರ?
ಮತ್ತೊಂದು ಚಾದರ ಎಳೆದುಕೊಂಡ.
'ಎರಡು,' ಎಂದ. 'ಮಂಗಳವಾರ ನನ್ನ ಕಾಲುಚೀಲ ನೋಡಿ.
ಇನ್ನೊಂದು ಯಾಕೆಂದು ಗೊತ್ತಾಗಲಿಲ್ಲ.'

ಎರಡೇ ಬರೆದೆ.
ಏಳುನೂರ ನಲವತ್ತು ಹೆಜ್ಜೆಯಲ್ಲಿ ಸೋತೆವು.
ಇಲ್ಲಿಂದ ಬಸ್ ನಿಲ್ದಾಣವೇ ಅದಕ್ಕಿಂತ ದೂರ;
ಆರರ ಬಸ್ಸಿಗೆ, ಹಿಮ ತುಳಿಯುತ್ತ,
ಎನ್ಸಿಯೊ ಆಗಲೇ ಓಡುತ್ತಿದ್ದ.