ಟಿ-ಸ್ಕ್ವೇರ್ ಮನೆಯಲ್ಲೇ ಇರಲಿ

ಬಂದರಿನ ಹಳೆ ಗೋದಾಮಿನೆದುರು
ಮೀನಿನ ಖಾಲಿ ಕ್ರೇಟು ಮಗುಚಿ ಕೂತಿದ್ದೇನೆ.
ಮಡಿಲಲ್ಲಿ ಹಲಗೆ, ಹಲಗೆಗೆ ಬಟ್ಟೆಯ ಕ್ಲಿಪ್ಪು ಕಚ್ಚಿದ ಕಾಗದ,
ಕೆಮ್ಮಿನ ಔಷಧಿಯ ಬಾಟಲಿಯಲ್ಲಿ ನೀರು.
ಭಾನುವಾರ, ಏಳೂವರೆ.
ಲಾರಿಗಳಿಗೆ ಇನ್ನೂ ಎಚ್ಚರವಾಗಿಲ್ಲ.

ಮೂವತ್ತೊಂದು ವರ್ಷ
ಲೋಕೋಪಯೋಗಿ ಇಲಾಖೆಯ ನಕ್ಷೆ ಕೋಣೆಯಲ್ಲಿ
ಗೆರೆ ಎಳೆದವಳು ನಾನು.
ಸಂಕ, ಶಾಲೆ, ಚರಂಡಿ, ಪ್ರವಾಸಿ ಮಂದಿರದ ಪಾಯಿಖಾನೆ,
ಒಂದಕ್ಕೆ ನೂರರ ಅಳತೆಯಲ್ಲಿ
ಈ ಜಿಲ್ಲೆಯ ಎಷ್ಟೋ ಗೋಡೆಗಳು
ಮೊದಲು ಎದ್ದದ್ದು ನನ್ನ ಬೆರಳ ಕೆಳಗೆ.
ಮಸಿ ಗೆರೆ ಮೀರಿ ಹರಿದರೆ
ಅರ್ಧ ಬ್ಲೇಡಿನಿಂದ ಕೆರೆದು ತೆಗೆಯುವುದು,
ಉಗುರಿನಿಂದ ನುಣುಪು ಮಾಡುವುದು,
ಏನೂ ಆಗಿಲ್ಲವೆಂಬಂತೆ ಮುಖ ಇಟ್ಟುಕೊಳ್ಳುವುದು:
ಮೂರನ್ನೂ ಕಲಿಸಿದವರು ಸಿಪ್ರಿಯನ್ ಮಥಾಯಸ್.
"ಗೋಡೆಗೆ ಅನುಮಾನ ಬರಬಾರದು ಮಾರಾಯ್ತಿ" ಎನ್ನುತ್ತಿದ್ದರು.

ಈಗ ನೋಡಿ.
ಮುರಕಲ್ಲಿನ ಗೋಡೆ ಎಂದು ಶುರು ಮಾಡಿದ್ದು
ಕೆಂಪಾಗಿ ಹೊರಟು
ಕಿಟಕಿಯ ಹತ್ತಿರ ನೇರಳೆಯ ಸಹವಾಸಕ್ಕೆ ಬಿದ್ದು
ಪಾಯಕ್ಕೆ ಇಳಿಯುವಷ್ಟರಲ್ಲಿ
ಯಾರ ಮಾತೂ ಕೇಳುವುದಿಲ್ಲ.
ಹಂಚಿನ ಮಾಡಿಗೆ ಕೊಟ್ಟದ್ದು ಒಂದೇ ಬೀಸು,
ದಪ್ಪ ಕುಂಚ, ಎಡದಿಂದ ಬಲಕ್ಕೆ;
ಹಂಚು ಎಣಿಸುವ ಕೆಲಸ ಮಾಡಿಗೇ ಬಿಟ್ಟಿದ್ದೇನೆ.

ಜುಲೈಯಲ್ಲಿ ಇಲ್ಲಿ ಏನೂ ಒಣಗುವುದಿಲ್ಲ,
ಒಗೆದ ಸೀರೆಯಾಗಲಿ, ತಿಂದ ಬೈಗುಳವಾಗಲಿ.
ಆಕಾಶಕ್ಕೆಂದು ಬಳಿದ ನೀಲಿ
ಕಾಲು ಗಂಟೆ ಕಾದರೂ ಹಸಿ.
ಮೆಲ್ಲಗೆ ಮಾಡಿನ ಅಂಚು ಹಿಡಿದು ಇಳಿದು
ಕಿಟಕಿಯೊಂದರೊಳಗೆ ಹೊಕ್ಕಿತು.
ಬಲಗೈ ಬ್ಲೇಡು ಹುಡುಕಿತು, ಅಭ್ಯಾಸಬಲ.
ಇರಲಿ ಬಿಡು ಎಂದೆ.
ಆ ಕಿಟಕಿಯ ಹಿಂದೆ ಮಾಡು ಕುಸಿದಿದೆ ಹೇಗೂ,
ಅಲ್ಲಿರುವುದು ಆಕಾಶವೇ.

ಮಳೆಗಾಲದ ರಜೆಯಲ್ಲಿರುವ ಬೋಟಿನ ಹುಡುಗ
ಬೆನ್ನ ಹಿಂದೆ ಬಂದು ನಿಂತ.
"ಉಂದು ದಾದ ಅಕ್ಕ?"
ಗೋದಾಮು ಎಂದೆ.
ಗೋದಾಮು ನೋಡಿದ, ಕಾಗದ ನೋಡಿದ,
ಮತ್ತೆ ಗೋದಾಮು.
"ಕಂಬ ಆರುಂಟು. ನೀವು ನಾಲ್ಕೇ ಹಾಕಿದ್ದು."
ಎರಡಕ್ಕೆ ಜಾಗ ಸಾಲಲಿಲ್ಲ ಮಾರಾಯ.
"ಹಾಗಾದ್ರೆ ಬೀಳುವುದಿಲ್ವಾ?"

ಎಷ್ಟು ಸರಿಯಾದ ಪ್ರಶ್ನೆ! ಇಲಾಖೆಯಲ್ಲಿ
ಯಾವ ಇಂಜಿನಿಯರೂ ಅಷ್ಟು ಕಾಳಜಿಯಿಂದ ಕೇಳಿದ್ದಿಲ್ಲ.
ಕಾಗದದಲ್ಲಿ ಭಾರ ಇರುವುದಿಲ್ಲ ಎಂದೆ.
ಅವನಿಗೆ ಸಮಾಧಾನವಾಗಲಿಲ್ಲ.
ನನಗೂ.

ಯಾಕೆಂದರೆ ಈ ಗೋದಾಮಿನ ತೆಂಕು ಮೂಲೆ
ಮೊಂಡು. ಅದನ್ನು
ಮೂರೂಕಾಲು ಮೀಟರು ಕತ್ತರಿಸಿದ್ದು
ರಸ್ತೆ ಅಗಲ ಮಾಡುವ ನಕ್ಷೆಯೊಂದರ
ಚುಕ್ಕೆ ಚುಕ್ಕೆಯ ಕೆಂಪು ಗೆರೆ.
ಆ ಗೆರೆ ಕೂದಲಷ್ಟೂ ಆಚೀಚೆ ಹೋಗಿರಲಿಲ್ಲ.
ಕೆಳಗೆ ಬಲಗಡೆ ನನ್ನ ಇನಿಶಿಯಲ್ಲು.

ಇದನ್ನು ಪ್ರಾಯಶ್ಚಿತ್ತ ಎಂದು ಯಾರಾದರೂ ಅಂದರೆ
ಕುಂಚ ತೊಳೆದ ನೀರು ಎರಚಿಯೇನು.
ಖುಷಿಗೆ ಬರುವುದು ನಾನು, ಖುಷಿಗೆ.
ಎದುರು ಹೋಟೆಲಿನ ಬನ್ಸಿಗೂ ಬರುತ್ತೇನೆ,
ಎಂಟಕ್ಕೆ ಮೊದಲ ಬಾಣಲೆ.
ಅದರ ಎಣ್ಣೆಬೆರಳು ತಾಗಿ ಬಣ್ಣ ಹಿಡಿಯದ ಕಡೆ
ಬೆಳಕು ಬಿದ್ದಿದೆ ಎಂದು ಹೇಳಿದರಾಯಿತು.

ಹಸಿ ಗೋದಾಮನ್ನು ಅಂಗೈ ಮೇಲೆ
ಪಾಯಸದ ತಟ್ಟೆಯಂತೆ ಹಿಡಿದು ಬಸ್ಸು ಹತ್ತಿದೆ.
"ಹಿಂದೆ ಹೋಗಿ, ಹಿಂದೆ ಹೋಗಿ" ಎನ್ನುತ್ತಿದ್ದ ಕಂಡಕ್ಟರು
ನನ್ನ ಕೈ ನೋಡಿ ತಾನೇ ಹಿಂದೆ ಹೋದ.
ಹಂಪನಕಟ್ಟೆಯ ತಿರುವಿನಲ್ಲಿ ಬಸ್ಸು ವಾಲಿತು,
ಬಸ್ಸಿನ ಜೊತೆ ಗೋಡೆಯೂ.
ಪೆನ್ಸಿಲಿನ ಗುರುತು ದಾಟಿ ಕೆಂಪು
ತೆಂಕು ದಿಕ್ಕಿಗೆ ಜರುಗಿತು, ಒಂದು ಹೆಬ್ಬೆರಳಷ್ಟು,
ಮೊದಲೆಲ್ಲ ತನ್ನದೇ ಆಗಿದ್ದ ಜಾಗಕ್ಕೆ.

ಒಂದಕ್ಕೆ ನೂರೆಂದು ಹಿಡಿದರೆ
ಎರಡೂವರೆ ಮೀಟರು.
ಇನ್ನೂ ಮುಕ್ಕಾಲು ಬಾಕಿ.