ದಿಂಬಿನ ಗವಸು

ಕಲೆ ಓದಲು ಬರುತ್ತದೆ ನನಗೆ.
ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು, ಬಟ್ಟೆಯನ್ನಾದರೆ
ಪೂರ್ತಿ ಬಿಡಿಸುವ ಮೊದಲೇ ಹೇಳುತ್ತೇನೆ:
ಇದು ಮೀನುಸಾರು, ಇದು ಶಾಯಿ, ಇದು ಮೂಗಿನ ರಕ್ತ,
ಇದು ಯಾರದೋ ತುಟಿಯ ಬಣ್ಣ, ಕೇಳಬಾರದು.

ಶಾರ್ಜಾದ ಮುವೈಲೆಯಲ್ಲಿ, ಹುಡುಗರ ಹಾಸ್ಟೆಲಿನೆದುರು
ಹತ್ತೊಂಬತ್ತು ವರ್ಷ ಉಗಿಯಲ್ಲಿ ನಿಂತು
ಬೆರಳಿನ ಗೆರೆಗಳೆಲ್ಲ ಅಳಿಸಿಹೋಗಿ
ಏರ್‌ಪೋರ್ಟಿನ ಯಂತ್ರಕ್ಕೆ ನಾನು ಯಾರೆಂದೇ ತಿಳಿಯುವುದಿಲ್ಲ.

ಶುಕ್ರವಾರದ ಮೂಟೆಗೆ ಬೇರೆಯೇ ವಾಸನೆ.
ಈ ಊರಲ್ಲಿ ಅದು ಸಿಗಬಾರದು, ಕಾನೂನು.
ಅಜ್ಮಾನಿಗೆ ಟ್ಯಾಕ್ಸಿಯಲ್ಲಿ ಇಪ್ಪತ್ತೇ ನಿಮಿಷ,
ಬೋರ್ಡಿಲ್ಲದ ಬಾಗಿಲು, ಕರಿ ಪ್ಲಾಸ್ಟಿಕ್ ಚೀಲ,
ವಯಸ್ಸು ಕೇಳದ ಕೈ.
ಲಬಾನ್ ಡಬ್ಬಿಗೆ ಬಗ್ಗಿಸಿಕೊಂಡು ಬರುತ್ತಾರೆ;
ಖಾಲಿ ಡಬ್ಬಿಯನ್ನು ಹಿತ್ತಲ ಬೆಕ್ಕು ಮೂಸಿ ಹಿಂದೆ ಸರಿಯುತ್ತದೆ.
ಬೆಕ್ಕಿಗೆ ಗೊತ್ತು. ವಾರ್ಡನಿಗೆ ಗೊತ್ತಿಲ್ಲ.
ನನಗೆ?
ನಾನು ಪೌಡರು ಒಂದು ಮುಷ್ಟಿ ಜಾಸ್ತಿ ಹಾಕುತ್ತಿದ್ದೆ.

ಇನ್ನೂರ ಹದಿನಾಲ್ಕು, ಶ್ರೇಯಾಂಸ ಬಲ್ಲಾಳನ ನಂಬರು.
ಹುಟ್ಟಿದ್ದು ದೋಹಾದಲ್ಲಿ, ಕನ್ನಡ ಮಾತ್ರ ಅಜ್ಜಿಯದ್ದು:
"ಕಾಲರಿಗೆ ಗಂಜಿ ಬೇಡ ಮಾರಾಯ್ರೆ, ಕುತ್ತಿಗೆ ಕೊಯ್ತದೆ."
ಈರುಳ್ಳಿ ಕೂಡ ಹೊಸ್ತಿಲು ದಾಟದ ಮನೆಯವನು.

ಆ ಶುಕ್ರವಾರ ಬೆಳಗ್ಗೆ ಆರಕ್ಕೆ ನಾಸಿಫ್ ಬಂದ.
ಒಂದು ಬೆಡ್‌ಶೀಟು, ಒಂದು ದಿಂಬಿನ ಗವಸು.
"ಅರ್ಜೆಂಟ್" ಅಂದ. ಚಪ್ಪಲಿ ಎರಡೂ ಎಡಗಾಲಿನವು.
ಗವಸಿನ ನಟ್ಟನಡುವೆ ಕಲೆ,
ತಲೆ ಅಂಗಾತ ಇದ್ದ ಕಡೆ.
ಓದಿದೆ. ಅಕ್ಷರ ಬಿಡದೆ ಓದಿದೆ.
ಆಮೇಲೆ ಬಿಸಿನೀರು, ಬ್ಲೀಚು, ಎರಡು ಸುತ್ತು.
ಜುಮ್ಮಾ ಬಾಂಗಿನ ಹೊತ್ತಿಗೆ ಇಸ್ತ್ರಿ ಮುಗಿದು
ಹಾಲಿನ ಕೆನೆಯ ಹಾಗೆ ಕೂತಿತ್ತು ಗವಸು.
ಆಗ ಆಂಬುಲೆನ್ಸ್ ಬಂತು, ಸೈರನ್ ಇಲ್ಲದೆ.

ನಾನು ಮಡಿವಾಳ. ನಮ್ಮ ಭಾಷೆ ನೋಡಿ,
ಒಗೆದದ್ದೂ ಮಡಿ, ಮಡಿಸಿದ್ದೂ ಮಡಿ,
ಹೋದವನೂ ಮಡಿದ.

ಕಾಲೇಜು ಹೇಳಿತು, ನಮ್ಮ ಗೇಟಿನ ಹೊರಗೆ ಕೊಂಡದ್ದು.
ವಾರ್ಡನ್ ರಿಜಿಸ್ಟರು ತೋರಿಸಿದ: ಹತ್ತೂವರೆಗೆ ಎಲ್ಲರೂ ಒಳಗೆ, ಸಹಿ ಉಂಟು.
ಅಜ್ಮಾನಿನ ಬಾಗಿಲಿಗೆ ಬೋರ್ಡೇ ಇಲ್ಲ, ಯಾರನ್ನು ಕೇಳುವುದು.
ನಾಸಿಫ್ ಒಂದು ತಿಂಗಳು ಕಳೆದು ಬಂದು
ಕೌಂಟರಿನ ಬುಡದಲ್ಲಿ ನೆಲಕ್ಕೆ ಕೂತ:
"ಮೂರು ಗಂಟೆಗೆ ಗೊರಕೆ ಇತ್ತು ಅಂಕಲ್. ಗೊರಕೆ ಅಂದುಕೊಂಡೆವು.
ಫೋನು ಕೈಯಲ್ಲೇ ಇತ್ತು.
ಪೊಲೀಸ್ ಬಂದರೆ ವೀಸಾ ಹೋಗ್ತದೆ ಅಂತ
ಒಬ್ಬರ ಮುಖ ಒಬ್ಬರು ನೋಡಿದೆವು."
ಸ್ವಲ್ಪ ಹೊತ್ತು ಬಿಟ್ಟು ಕೇಳಿದ: "ಕಲೆ ಹೋಯ್ತಾ?"
ಹೋಯ್ತು ಅಂದೆ. ಅದು ನನ್ನ ಕಸುಬು.

ದೋಹಾದಿಂದ ಬಂದ ತಂದೆ, ರಶೀದಿ ಹಿಡಿದು ಅಂಗಡಿಗೂ ಬಂದರು.
ಏಳು ಅಂಗಿ, ಎರಡು ಪ್ಯಾಂಟು. ಗಂಜಿ ಹಾಕಿರಲಿಲ್ಲ.
"ಎಷ್ಟಾಯ್ತು?"
ಬೇಡ ಅಂದೆ. ಇಪ್ಪತ್ತೆರಡು ದಿರ್ಹಮ್ ಎಣಿಸಿಟ್ಟರು.
ಕಾಲರು ಮೂಸಿದರು. ಸಾಬೂನಲ್ಲದೆ
ಏನನ್ನೂ ಉಳಿಸಿರಲಿಲ್ಲ ನಾನು.
"ಊಟಕ್ಕೆ ಅಂತ ತಿಂಗಳಿಗೆ ಎಂಟುನೂರು ಕಳಿಸುತ್ತಿದ್ದೆ" ಅಂದರು,
ನನಗಲ್ಲ, ಅಂಗಿಗೆ.

ಈಗ ಪ್ರತಿ ಅಂಗಿಯ ಜೇಬಿಗೆ ಒಂದು ಚೀಟಿ ಇಡುತ್ತೇನೆ,
ಇಂಗ್ಲಿಷಿನಲ್ಲಿ ನಾಸಿಫನೇ ಬರೆದುಕೊಟ್ಟದ್ದು:
ಏಳದಿದ್ದರೆ ಪಕ್ಕಕ್ಕೆ ಮಲಗಿಸಿ. ಒಬ್ಬನನ್ನೇ ಬಿಡಬೇಡಿ.
ಫೋನು ಮಾಡಿ. ಬೈಯುವುದು ನಾಳೆ.
ಗಿರಾಕಿ ಓಡಿಹೋಗ್ತಾರೆ ಅನ್ನುತ್ತಾನೆ ಮಾಲಿಕ.
ಹೆಚ್ಚಿನವು ಮುಂದಿನ ವಾರ ಅದೇ ಜೇಬಲ್ಲಿ ಮರಳುತ್ತವೆ,
ಯಾರೂ ಬಿಚ್ಚದೆ; ನೀರಲ್ಲಿ ನುರಿದು ಅಕ್ಕಿಹಿಟ್ಟಾಗುತ್ತವೆ.

ಮೊನ್ನೆ ಮೂಟೆಯಲ್ಲಿ ಒಂದು ಗವಸು, ನಂಬರು ನೂರಾ ಏಳು.
ಅದೇ ವಾಸನೆ. ಬಿಡಿಸಿ ಟ್ಯೂಬ್‌ಲೈಟಿಗೆ ಹಿಡಿದೆ.
ಕಲೆ ನಡುವೆ ಇರಲಿಲ್ಲ.
ಎಡದ ಅಂಚಿನಲ್ಲಿತ್ತು, ಹೊರಕ್ಕೆ ಹರಿದಿತ್ತು.
ಯಾರೋ ಹೊರಳಿಸಿದ್ದಾರೆ.

ಪೌಡರಿನ ಡಬ್ಬಿ ಮುಚ್ಚಿದೆ.
ಒಗೆಯದ ಗವಸನ್ನು ಕೈಯಲ್ಲೇ ಹಿಡಿದು
ರಸ್ತೆ ದಾಟಿದೆ,
ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ.