ಗಾಳಿಯ ಬಾಣ

ಮೊದಲು ತೆರೆಯ ಬಲಮೂಲೆ ನೋಡು, ಝರೀನ್ ಗುಲ್.
ಹಸಿರು ಬಾಣ ಇದೆಯಲ್ಲ, ಅದೇ ಗಾಳಿ.
ನಿನ್ನ ಕಡೆ ಮೂತಿ ಮಾಡಿದ್ದರೆ ಒಳ್ಳೆಯದು.
ಜಿಂಕೆಯ ಕಡೆ ತಿರುಗಿ ಕೆಂಪಾಯಿತೋ,
ನಿನ್ನ ವಾಸನೆ ಅದರ ಮೂಗಿಗೆ ಹೋಯಿತು ಅಂತ ಲೆಕ್ಕ.
ಒಂದು, ಎರಡು, ಮೂರು ಎಣಿಸು,
ಆಮೇಲೆ ಕಾಣುವುದು ಬಾಲದ ಬಿಳಿ ಮಾತ್ರ.

ಫಹೂದಿನ ಎಣ್ಣೆ ಕ್ಯಾಂಪು, ರಾತ್ರಿ ಎರಡೂವರೆ.
ಮುನ್ನೂರು ಖುಬ್ಬೂಸಿನ ಹಿಟ್ಟು ನಾದಿಟ್ಟು
ಅದು ಉಬ್ಬಲಿ ಎಂದು ನಾನು ಕಾಯುವ ನಲವತ್ತು ನಿಮಿಷ,
ಟ್ಯಾಂಕರಿನ ನೀರು ಇಳಿಯಲಿ ಎಂದು ಅವನು ಕಾಯುವುದೂ ಅಷ್ಟೇ.
ನಡುವೆ ಹರುಕು ಹಿಂದಿ, ಮೂಲೆ ಒಡೆದ ಮೊಬೈಲು,
ಅದರೊಳಗೆ ಎಂದೂ ಒಣಗದ ಒಂದು ಕಾಡು.

ಮೇಲೆ ಐದು ಮಿಂಚು. ಬೇಟೆಗೊಂದು ಖರ್ಚು.
ಮುಗಿದರೆ ಹನ್ನೆರಡು ನಿಮಿಷಕ್ಕೊಂದು ತಾನೇ ತುಂಬುತ್ತದೆ.
ತಡೆಯದಿದ್ದರೆ ಜಾಹೀರಾತು ನೋಡು,
ಸೋಪಿನದೋ ಚಿನ್ನದಂಗಡಿಯದೋ,
ಮೂವತ್ತು ಸೆಕೆಂಡಿಗೆ ಒಂದು ಮಿಂಚು ಸಂಬಳ.
ಕರಿಹುಲಿ ೭೨ ಅನ್ನುವವನೊಬ್ಬ ನನ್ನ ತಂಡದಲ್ಲಿದ್ದಾನೆ,
ಯಾರೋ, ಯಾವ ದೇಶವೋ,
ದಿನಾ ಮೂರು ಗಂಟೆಗೆ ಐದು ಬಾಣ ಕಳಿಸುತ್ತಾನೆ.
ನಾನೂ ಐದು ಕಳಿಸುತ್ತೇನೆ.
ನಮ್ಮ ನಡುವೆ ಬೇರೆ ಮಾತಿಲ್ಲ.

ಈಗ ಗುರಿ. ವೃತ್ತ ನಡುಗುತ್ತಿದೆ ನೋಡು, ಅದು ನಿನ್ನ ಉಸಿರು.
ಎಡ ಹೆಬ್ಬೆರಳು ಒತ್ತಿ ಹಿಡಿ. ನಿಂತಿತಲ್ಲ?
ನಾಲ್ಕೇ ಸೆಕೆಂಡು. ಐದನೆಯದಕ್ಕೆ
ಮೊದಲಿಗಿಂತ ಜೋರು ನಡುಗುತ್ತದೆ.
ಈ ನಿಯಮ ಬರೆದವ ಒಮ್ಮೆಯಾದರೂ ಮುಳುಗಿದವನೇ ಇರಬೇಕು.
ಗಂಗೊಳ್ಳಿ ಅಳಿವೆಯ ಬಂಡೆಯಲ್ಲಿ
ಪಚ್ಚಿಲೆ ಕೀಳಲು ಮುಳುಗುತ್ತಿದ್ದ ನನಗೆ
ಐದನೆಯ ಸೆಕೆಂಡು ಗೊತ್ತು.

ಬಿದ್ದ ಜಿಂಕೆಯ ಚಿಂತೆ ಬೇಡ.
ಟಿಂಗ್ ಎಂದು ಕಾಸಾಗಿ ಮೇಲೆ ಹೋಗುತ್ತದೆ,
ನಾಳೆ ಅದೇ ಹಳ್ಳ, ಅದೇ ಕಲ್ಲು,
ಅದೇ ಕಿವಿ ಕುಣಿಸುತ್ತ ನಿಂತಿರುತ್ತದೆ.

ಝರೀನ್ ಗುಲ್ ಮೀಸೆಯಲ್ಲಿ ನಕ್ಕ.
ಅವನೂರು ದೀರ್. ಅಪ್ಪನ ಹಿಂದೆ
ಒಂದು ಕಾಡುಮೇಕೆಗಾಗಿ ಮೂರು ದಿನ ಹಿಮ ತುಳಿದವನು.
‘ಕರುಳು ತೆಗೆಯುವುದು ಯಾವ ಗುಂಡಿ ಒತ್ತಿದರೆ?
ಹೊತ್ತು ಗುಡ್ಡ ಇಳಿಯಲಿಕ್ಕೆ ಎಷ್ಟು ಮಿಂಚು?’
ಮಾರಾಯ, ಸೆಟ್ಟಿಂಗಿನೊಳಗೆಲ್ಲ ಹುಡುಕಿದೆ.
ಸದ್ದು ಇತ್ತು, ನಡುಕ ಇತ್ತು, ಭಾಷೆ ಇತ್ತು.
ಹೆಗಲು ಇರಲಿಲ್ಲ.

ಗಾಳಿಯದೊಂದು ಪಾಠ ಮಾತ್ರ ನನಗೆ ಬೇಕಿರಲಿಲ್ಲ.
ಅಜ್ಜ ಕಿವಿಯ ಹಿಂದೆ ಉಗುಳು ಹಚ್ಚಿಕೊಂಡು
ತೆಂಕುಗಾಳಿ, ಪಡುಗಾಳಿ ಎಂದು
ಕತ್ತಲಲ್ಲೇ ದೋಣಿಯ ಮೂತಿ ತಿರುಗಿಸುತ್ತಿದ್ದ.

ಮೊನ್ನೆ ಗುರುವಾರ
ಕಲ್ಲಂಗಡಿ ಸಿಪ್ಪೆ ಎಸೆಯಲು ಹಿಂಬಾಗಿಲು ತೆರೆದೆ.
ಗ್ಯಾಸು ಉರಿಯುವ ಕೊಳವೆಯ ಕೆಂಬೆಳಕಲ್ಲಿ
ತಂತಿಬೇಲಿಯ ಹರಿದ ಜಾಗದ ಆಚೆ
ಒಂದು ಗಝಾಲ್, ಮರಳಿನದೇ ಬಣ್ಣ.
ನನ್ನ ಬೆರಳು ತಾನಾಗಿ ಬಾಯಿಗೆ ಹೋಗಿ ಕಿವಿಯ ಹಿಂದೆ ಹೋಯಿತು.
ಗಾಳಿ ಬೆನ್ನಿಗಿತ್ತು. ಪೂರಾ ಕೆಂಪು.
ಈಸ್ಟು, ಈರುಳ್ಳಿ, ಡೀಸೆಲ್ಲು, ಎರಡಾಳಿನ ಬೆವರು
ಎಲ್ಲ ನೆಟ್ಟಗೆ ಅದರ ಮೂಗಿಗೆ.
ಒಂದು. ಎರಡು. ಮೂರು.

ನಿಂತೇ ಇತ್ತು.

ಝರೀನ್ ಗುಲ್ ಕೈ ಇಲ್ಲದ ಬಂದೂಕಿಗೆ ಎದ್ದು
ಅರ್ಧದಲ್ಲಿ ನಾಚಿ ಇಳಿಯಿತು.
ನನ್ನ ಎಡ ಹೆಬ್ಬೆರಳು ಬುಟ್ಟಿಯ ಅಂಚು ಒತ್ತಿ ಹಿಡಿದಿತ್ತು.
ನಾಲ್ಕು. ಐದು. ಆರು.
ಅದು ಬೇಲಿಯೊಳಗೆ ಕತ್ತು ತೂರಿಸಿ
ಸಿಪ್ಪೆ ಕಚ್ಚಿತು. ಕರುಂ, ಕರುಂ.
ಎಷ್ಟೋ ರಾತ್ರಿಗಳ ಗಿರಾಕಿಯ ಹಾಗೆ,
ನಮ್ಮ ವಾಸನೆಯ ಜಾಡು ಹಿಡಿದೇ ಬಂದ ಹಾಗೆ.

ಆಗ ನನ್ನ ಜೇಬಲ್ಲಿ, ಟಿಂಗ್.
ಐದೂ ಮಿಂಚು ತುಂಬಿವೆ, ಬಾ ಬೇಟೆಗೆ.

ಬಾಲದ ಬಿಳಿ ಅಷ್ಟೇ.

‘ಸದ್ದಿಗೊಂದು ಬಾಣ ಇಲ್ಲವೇನೋ ನಿನ್ನ ಆಟದಲ್ಲಿ?’
ಎಂದು ಬೈದು ಟ್ಯಾಂಕರು ಹತ್ತಿದ ಅವನು.
ಒಳಗೆ ಹಿಟ್ಟು ಉಬ್ಬಿ, ಬಟ್ಟೆ ತಳ್ಳಿ
ಮೇಜಿನಿಂದ ನೆಲದ ಕಡೆ ನಿಧಾನ ಇಳಿಯುತ್ತಿತ್ತು.